ಹಾಕಿ ನಾಡಿನ ಮಕ್ಕಳಿಗೆ ಫುಟ್‌ಬಾಲ್ ಪಾಠ: ನಿಯಮ, ಮತ್ತು ಅದು ಬಂದ ಕಾರಣ

ಕೊಡಗಿನ ಮಕ್ಕಳಿಗೆ ಹಾಕಿಯನ್ನು ಯಾರೂ ಕೂರಿಸಿಕೊಂಡು ಕಲಿಸಬೇಕಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ನೋಡುತ್ತಲೇ ಎಷ್ಟೋ ಮಕ್ಕಳು ಬೆಳೆದಿದ್ದಾರೆ. ಪೆನಾಲ್ಟಿ ಕಾರ್ನರ್ ಅಂದರೆ ಏನು ಅಂತ ಮನೆಯ ಹಿರಿಯರೇ ಹೇಳಿಕೊಡುತ್ತಾರೆ. ಫುಟ್‌ಬಾಲ್ ವಿಷಯ ಹಾಗಲ್ಲ. ಸುಂಟಿಕೊಪ್ಪದಲ್ಲಿ ಚಿನ್ನದ ಕಪ್ ಪಂದ್ಯ ನಡೆದರೆ ಮೈದಾನದ ಸುತ್ತ ಜನ ಸೇರುತ್ತಾರೆ, ಶಾಲೆಗಳಲ್ಲಿ ಊಟದ ಬೆಲ್ ಹೊಡೆದ ತಕ್ಷಣ ಬಾಲ್ ಹೊರಗೆ ಬರುತ್ತದೆ. ಆದರೆ ಆಡುವಾಗ ಅರ್ಧ ಹೊತ್ತು ಜಗಳವೇ. ‘ಅದು ಆಫ್‌ಸೈಡ್’, ‘ಅಲ್ಲ ಕಣೋ’, ‘ಕೈಗೆ ತಾಗಿತು’, ‘ತಾಗಿದ್ರೆ ಏನಾಯ್ತು’.

ಈ ಜಗಳ ನಿಲ್ಲಬೇಕಾದರೆ ನಿಯಮ ಬಾಯಿಪಾಠ ಮಾಡಿದರೆ ಸಾಲದು. ಪ್ರತಿ ನಿಯಮದ ಹಿಂದೆ ಮೈದಾನದಲ್ಲಿ ಎದ್ದ ಒಂದು ತಕರಾರು ಇರುತ್ತದೆ. ಆ ತಕರಾರು ಗೊತ್ತಾದರೆ ನಿಯಮ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಅದಕ್ಕೇ ಇಲ್ಲಿ ಇತಿಹಾಸವನ್ನೂ ನಿಯಮವನ್ನೂ ಬೇರೆ ಬೇರೆ ಮಾಡಿಲ್ಲ. ಹಾಕಿ ಗೊತ್ತಿರುವವರಿಗೆ ಎಲ್ಲಿ ಎಡವಟ್ಟಾಗುತ್ತದೆ ಅನ್ನುವುದನ್ನೂ ಜೊತೆಗೇ ಹೇಳಿದ್ದೇನೆ.

ಮೊದಲ ಹೆಜ್ಜೆ: ಮೈದಾನಕ್ಕೆ ಗೆರೆ ಎಳೆಯಿರಿ

ನಿಯಮ ಕಲಿಯಲು ಒಳ್ಳೆಯ ದಾರಿ ನೀವೇ ಗೆರೆ ಎಳೆಯುವುದು. ಸುಣ್ಣದ ಪುಡಿ, ನಾಲ್ಕು ಗೂಟ, ಉದ್ದದ ಹಗ್ಗ, ಒಂದು ಅಳತೆ ಟೇಪು ಇದ್ದರೆ ಸಾಕು. ಪಿ.ಟಿ. ಮೇಷ್ಟ್ರನ್ನು ಕೇಳಿ, ಒಂದು ಶನಿವಾರ ತರಗತಿ ಮುಗಿದ ಮೇಲೆ ನಾಲ್ಕೈದು ಜನ ಸೇರಿ ಮಾಡಿಬಿಡಿ.

ದೊಡ್ಡವರ ಮೈದಾನದ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್. ನಮ್ಮ ಬೆಟ್ಟದ ಊರುಗಳಲ್ಲಿ ಅಷ್ಟು ಸಮತಟ್ಟು ಜಾಗ ಎಲ್ಲ ಶಾಲೆಗಳಿಗೂ ಇರುವುದಿಲ್ಲ. ಇದ್ದಷ್ಟರಲ್ಲೇ ಮಾಡಿ, ತಂಡಕ್ಕೆ ಏಳು ಜನ ಇಟ್ಟುಕೊಂಡು ಆಡಿ. ಉದ್ದ ಮಾತ್ರ ಅಗಲಕ್ಕಿಂತ ಜಾಸ್ತಿ ಇರಲಿ. ಮೈದಾನ ಒಂದು ಕಡೆ ಇಳಿಜಾರಾಗಿದ್ದರೂ ಚಿಂತೆ ಇಲ್ಲ, ಅರ್ಧ ಆಟ ಮುಗಿದ ಮೇಲೆ ತಂಡಗಳು ಬದಿ ಬದಲಾಯಿಸಲೇಬೇಕಲ್ಲ.

ಮೂಲೆಗಳು ನೇರವಾಗಿ ಬರಲು ಗಣಿತದ ಕ್ಲಾಸಿನ ಪೈಥಾಗರಸ್ ಸಹಾಯಕ್ಕೆ ಬರುತ್ತಾನೆ. 12 ಮೀಟರ್ ಹಗ್ಗದ ಎರಡೂ ತುದಿ ಸೇರಿಸಿ ಕಟ್ಟಿ. ಕಟ್ಟಿದ ಜಾಗದಿಂದ 3 ಮೀಟರಿಗೆ ಒಂದು ಗುರುತು, ಅಲ್ಲಿಂದ ಮುಂದೆ 4 ಮೀಟರಿಗೆ ಇನ್ನೊಂದು ಗುರುತು ಹಾಕಿ. ಮೂವರು ಮಕ್ಕಳು ಕಟ್ಟಿದ ಗಂಟನ್ನೂ ಆ ಎರಡು ಗುರುತುಗಳನ್ನೂ ಹಿಡಿದು ಬಿಗಿಯಾಗಿ ಎಳೆದರೆ ತ್ರಿಕೋನ ಆಗುತ್ತದೆ. ಮೊದಲ ಗುರುತು ಹಿಡಿದವರ ಹತ್ತಿರ ಸರಿಯಾಗಿ 90 ಡಿಗ್ರಿ ಮೂಲೆ ಸಿಗುತ್ತದೆ.

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಪೆನಾಲ್ಟಿ ಚುಕ್ಕೆ ಗೋಲಿನಿಂದ 11 ಮೀಟರ್ ದೂರ. ನಡುವಿನ ವೃತ್ತದ ತ್ರಿಜ್ಯ 9.15 ಮೀಟರ್. ಇಂಥ ವಿಚಿತ್ರ ಅಂಕಿಗಳು ಯಾಕೆ ಅನ್ನಿಸುತ್ತದೆ ಅಲ್ವಾ? ಆಟದ ನಿಯಮ ಬರೆದವರು ಗಜ, ಅಡಿಯಲ್ಲಿ ಅಳೆಯುತ್ತಿದ್ದರು. 8 ಗಜ ಅಗಲ, 8 ಅಡಿ ಎತ್ತರ, 12 ಗಜ ದೂರ, 10 ಗಜ ತ್ರಿಜ್ಯ ಅಂತ ಓದಿಕೊಂಡರೆ ಸುಲಭವಾಗಿ ನೆನಪಿರುತ್ತದೆ. ಸಣ್ಣ ಮಕ್ಕಳಿಗೆ 5 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲು ಸಾಕು.

ಗೋಲಿನ ಮುಂದೆ ಎರಡು ಚೌಕಗಳು ಬರುತ್ತವೆ. ಗೋಲು ಕಂಬದಿಂದ ಎರಡೂ ಪಕ್ಕಕ್ಕೆ 16.5 ಮೀಟರ್, ಮೈದಾನದ ಒಳಗೆ 16.5 ಮೀಟರ್ ಎಳೆದದ್ದು ಪೆನಾಲ್ಟಿ ಏರಿಯಾ. ಅದರೊಳಗೆ 5.5 ಮೀಟರಿನ ಸಣ್ಣದು ಗೋಲ್ ಏರಿಯಾ. ಹಾಕಿಯ ‘ಡಿ’ (ಗೋಲಿನ ಮುಂದಿನ ಅರ್ಧವೃತ್ತದಂಥ ಜಾಗ) ನೋಡಿದ ಕಣ್ಣಿಗೆ ದೊಡ್ಡ ಚೌಕ ಅದರ ಹಾಗೇ ಕಾಣುತ್ತದೆ, ಕೆಲಸ ಮಾತ್ರ ಬೇರೆ. ಹಾಕಿಯಲ್ಲಿ ಡಿ ಒಳಗಿಂದ ಹೊಡೆದರೆ ಮಾತ್ರ ಗೋಲು. ಫುಟ್‌ಬಾಲಿನಲ್ಲಿ ಎಲ್ಲಿಂದ ಹೊಡೆದರೂ ಗೋಲು ಗೋಲೇ. ಇಲ್ಲಿ ಈ ಚೌಕ ಇರುವುದು ಗೋಲಿ, ಅಂದರೆ ಗೋಲು ಕಾಯುವ ಆಟಗಾರ, ಕೈ ಬಳಸಬಹುದಾದ ಜಾಗ ಯಾವುದು, ಫೌಲ್ ಆದರೆ ಪೆನಾಲ್ಟಿ ಸಿಗುವ ಜಾಗ ಯಾವುದು ಅಂತ ತೋರಿಸಲು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿದಿರಿನದೋ ಸಿಲ್ವರ್ ಓಕಿನದೋ, ಗೋಲು ಕಂಬವನ್ನು ಆಳವಾಗಿ ಹೂತು ನಿಲ್ಲಿಸಿ. ಎತ್ತಿಡುವ ಕಬ್ಬಿಣದ ಕಂಬವಾದರೆ ನೆಲಕ್ಕೆ ಬಿಗಿದು ಕಟ್ಟಿ. ಅದಕ್ಕೆ ಜೋತು ಬೀಳಬೇಡಿ. ಗೋಲು ಕಂಬ ಮೇಲೆ ಬಿದ್ದು ಮಕ್ಕಳು ಸತ್ತ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ನಡೆದಿವೆ.

ಈ ನಿಯಮಗಳು ಎಲ್ಲಿಂದ ಬಂದವು

ಚೆಂಡನ್ನು ಕಾಲಿನಲ್ಲಿ ಒದ್ದು ಆಡುವುದು ಬಹಳ ಹಳೆಯದು. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ‘ಚುಜು’ ಎಂಬ ಆಟ ಇತ್ತು. ನಾವು ಇವತ್ತು ಆಡುವ ಫುಟ್‌ಬಾಲ್ ರೂಪ ಪಡೆದದ್ದು ಇಂಗ್ಲೆಂಡಿನಲ್ಲಿ.

ಅಲ್ಲಿ ಒಂದೊಂದು ಶಾಲೆಗೆ ಒಂದೊಂದು ನಿಯಮ ಇತ್ತು. ಒಂದು ಶಾಲೆಯಲ್ಲಿ ಚೆಂಡು ಹಿಡಿದುಕೊಂಡು ಓಡಬಹುದು, ಇನ್ನೊಂದರಲ್ಲಿ ಕೂಡದು. ಬೇರೆ ಬೇರೆ ಶಾಲೆಯಿಂದ ಬಂದವರು ಕಾಲೇಜಿನಲ್ಲಿ ಸೇರಿ ಆಡಲು ಹೋದರೆ ಬರೀ ಗಲಾಟೆ. 1848ರಲ್ಲಿ ಕೇಂಬ್ರಿಜ್‌ನಲ್ಲಿ ಒಂದು ನಿಯಮಾವಳಿ ಮಾಡಿ ನೋಡಿದರು. 1857ರಲ್ಲಿ ಶುರುವಾದ ಶೆಫೀಲ್ಡ್ ಕ್ಲಬ್ ತನ್ನದೇ ನಿಯಮ ಬರೆದುಕೊಂಡಿತು. ಕೊನೆಗೆ 1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಜಾಗದಲ್ಲಿ ಹಲವು ಕ್ಲಬ್‌ಗಳವರು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಎಬೆನೆಜರ್ ಕಾಬ್ ಮೋರ್ಲಿ ಎಂಬ ವಕೀಲರು ನಿಯಮಗಳನ್ನು ಬರೆದರು.

ಮುಖ್ಯ ಜಗಳ ಎರಡು ವಿಷಯಕ್ಕೆ. ಚೆಂಡು ಕೈಯಲ್ಲಿ ಹಿಡಿದು ಓಡಬಹುದೇ? ಎದುರಾಳಿಯ ಮೊಣಕಾಲಿನ ಕೆಳಗೆ ಬೇಕೆಂದೇ ಒದೆಯಬಹುದೇ? ಹೌದು, ಆಗ ಕೆಲವರು ಅದನ್ನು ಗಂಡಸುತನದ ಆಟ ಅಂದುಕೊಂಡಿದ್ದರು. ಡಿಸೆಂಬರ್‌ನಲ್ಲಿ ಎರಡೂ ಬೇಡ ಅಂತ ತೀರ್ಮಾನ ಆಯಿತು. ಒಪ್ಪದ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು, ಮುಂದೆ 1871ರಲ್ಲಿ ಚೆಂಡು ಕೈಯಲ್ಲಿ ಹಿಡಿದು ಓಡುವ ರಗ್ಬಿ ಆಟದ ಯೂನಿಯನ್ ಕಟ್ಟಿದವರಲ್ಲಿ ಅದೂ ಒಂದು. ನಮ್ಮ ಆಟಕ್ಕೆ ಉಳಿದದ್ದು 13 ನಿಯಮಗಳು.

1863ರ ಗೋಲಿಗೆ ಮೇಲಿನ ಅಡ್ಡಪಟ್ಟಿಯೇ ಇರಲಿಲ್ಲ! ಎರಡು ಕಂಬಗಳ ನಡುವೆ ಎಷ್ಟೇ ಎತ್ತರದಲ್ಲಿ ಹೋದರೂ ಗೋಲು. ಎಷ್ಟು ವಾದ ಆಗಿರಬೇಕು ಯೋಚಿಸಿ. ಆಮೇಲೆ ಮೇಲೆ ಪಟ್ಟಿ ಬಂತು, 1891ರ ಹೊತ್ತಿಗೆ ಬಲೆಯೂ ಬಂತು.

ಎರಡನೇ ಹೆಜ್ಜೆ: ಆಟ ಶುರು, ಬಾಲ್ ಹೊರಗೆ

ತಂಡಕ್ಕೆ 11 ಜನ, ಅದರಲ್ಲಿ ಒಬ್ಬರು ಗೋಲಿ. ಏಳಕ್ಕಿಂತ ಕಡಿಮೆ ಇದ್ದರೆ ಪಂದ್ಯ ನಡೆಯುವುದಿಲ್ಲ. ದೊಡ್ಡವರಿಗೆ 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ಮೀರದ ವಿರಾಮ. ಶಾಲಾ ಪಂದ್ಯಗಳಲ್ಲಿ ವಯಸ್ಸು ನೋಡಿ ಸಮಯ ಕಡಿಮೆ ಮಾಡುತ್ತಾರೆ, ಶುರುವಿಗೆ ಮೊದಲೇ ಕೇಳಿಕೊಳ್ಳಿ. ಹಾಕಿಯಲ್ಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡಬಹುದು. ಇಲ್ಲಿ ಸಾಮಾನ್ಯವಾಗಿ ಒಮ್ಮೆ ಹೊರಬಂದವರು ಮತ್ತೆ ಹೋಗುವಂತಿಲ್ಲ. ಮಕ್ಕಳ ಪಂದ್ಯಗಳಲ್ಲಿ ಸಂಘಟಕರು ಇದನ್ನು ಸಡಿಲ ಮಾಡಬಹುದು.

ಬಾಲ್ ಗೆರೆಯ ಮೇಲಿದ್ದರೆ ಅದು ಇನ್ನೂ ಆಟದಲ್ಲೇ ಇದೆ. ಇಡೀ ಬಾಲ್ ಇಡೀ ಗೆರೆಯನ್ನು ದಾಟಬೇಕು, ನೆಲದ ಮೇಲಾಗಲಿ ಗಾಳಿಯಲ್ಲಾಗಲಿ. ಗೋಲು ಆಯಿತೋ ಇಲ್ಲವೋ ಅನ್ನುವುದಕ್ಕೂ ಇದೇ ಲೆಕ್ಕ. ಅರ್ಧ ಜಗಳ ಇಲ್ಲೇ ಮುಗಿಯುತ್ತದೆ.

ಪಕ್ಕದ ಗೆರೆ ದಾಟಿದರೆ ಥ್ರೋ ಇನ್. ಹೊರಗೆ ಹಾಕಿದವರ ಎದುರು ತಂಡಕ್ಕೆ ಸಿಗುತ್ತದೆ. ಎರಡೂ ಕೈಯಲ್ಲಿ ಬಾಲ್ ಹಿಡಿಯಿರಿ, ತಲೆಯ ಹಿಂದಿನಿಂದ ತಂದು ತಲೆಯ ಮೇಲೆ ಹಾಯಿಸಿ ಎಸೆಯಿರಿ. ಎಸೆಯುವಾಗ ಎರಡೂ ಪಾದದ ಸ್ವಲ್ಪ ಭಾಗವಾದರೂ ನೆಲಕ್ಕೆ ತಾಗಿರಬೇಕು, ಗೆರೆಯ ಮೇಲೆ ಅಥವಾ ಗೆರೆಯ ಹೊರಗೆ. ಹಿಂದಿನ ಕಾಲು ಮೇಲೆ ಎತ್ತುವುದೇ ನಮ್ಮ ಹುಡುಗರು ಹುಡುಗಿಯರು ಜಾಸ್ತಿ ಮಾಡುವ ತಪ್ಪು. ಹಿಂದಿನ ಹೆಬ್ಬೆರಳನ್ನು ನೆಲಕ್ಕೆ ಎಳೆದುಕೊಂಡು ಬರುವಂತೆ ಅಭ್ಯಾಸ ಮಾಡಿದರೆ ಸರಿಯಾಗುತ್ತದೆ. ಥ್ರೋ ಇನ್‌ನಿಂದ ನೇರವಾಗಿ ಗೋಲು ಹಾಕುವಂತಿಲ್ಲ.

ಗೋಲಿನ ಗೆರೆಯ ಕಡೆ ಬಾಲ್ ಹೊರಗೆ ಹೋದರೆ ಎರಡು ದಾರಿ. ದಾಳಿ ಮಾಡುತ್ತಿದ್ದ ತಂಡ ಹೊರಗೆ ಹಾಕಿದ್ದರೆ ಗೋಲ್ ಕಿಕ್, ಅಂದರೆ ಕಾಯುವ ತಂಡ ತನ್ನ ಗೋಲ್ ಏರಿಯಾದಿಂದ ಒದೆಯುತ್ತದೆ. ಕಾಯುತ್ತಿದ್ದ ತಂಡ ಹಾಕಿದ್ದರೆ ಕಾರ್ನರ್, ಅಂದರೆ ದಾಳಿ ಮಾಡುವ ತಂಡ ಮೈದಾನದ ಮೂಲೆಯಿಂದ ಒದೆಯುತ್ತದೆ.

ಮೂರನೇ ಹೆಜ್ಜೆ: ಫೌಲ್, ಪೆನಾಲ್ಟಿ, ಕಾರ್ಡು

ಹಾಕಿಯಲ್ಲಿ ಬಾಲ್ ಕಾಲಿಗೆ ತಾಗಿದರೆ ಫೌಲ್, ಇಲ್ಲಿ ಕೈಗೆ. ಆದರೆ ತಾಗಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ. ಬೇಕೆಂದೇ ಮುಟ್ಟಿದರೆ ಫೌಲ್. ಕೈಯನ್ನು ಅಸಹಜವಾಗಿ ಅಗಲಿಸಿ ಬಾಲಿಗೆ ಅಡ್ಡ ಬಂದರೂ ಫೌಲ್. ಕೈ ಮೈಗೆ ಅಂಟಿಕೊಂಡಿದ್ದಾಗ ಹತ್ತಿರದಿಂದ ಬಂದು ತಾಗಿದರೆ ಸಾಮಾನ್ಯವಾಗಿ ಆಟ ಮುಂದುವರಿಯುತ್ತದೆ. ಕೈ ಅಂದರೆ ಕಂಕುಳಿನ ಮಟ್ಟದಿಂದ ಕೆಳಗೆ. ಭುಜದ ಮೇಲ್ಭಾಗ ಲೆಕ್ಕಕ್ಕಿಲ್ಲ.

ತಳ್ಳುವುದು, ಹಿಡಿದು ಎಳೆಯುವುದು, ಕಾಲು ಕೊಟ್ಟು ಬೀಳಿಸುವುದು, ಒದೆಯುವುದು ಇವಕ್ಕೆ ನೇರ ಫ್ರೀ ಕಿಕ್, ಅಂದರೆ ತಪ್ಪು ನಡೆದ ಜಾಗದಿಂದ ಎದುರು ತಂಡ ಬಾಲ್ ಒದೆಯುತ್ತದೆ. ಅಲ್ಲಿಂದ ಸೀದಾ ಗೋಲಿಗೆ ಹೊಡೆಯಬಹುದು. ರೆಫರಿ ಕೈ ಮೇಲೆತ್ತಿ ನಿಂತರೆ ಅದು ಪರೋಕ್ಷ ಫ್ರೀ ಕಿಕ್, ಬಾಲ್ ಇನ್ನೊಬ್ಬ ಆಟಗಾರನಿಗೆ ತಾಗಿದ ಮೇಲೆ ಗೋಲಾದರೆ ಮಾತ್ರ ಲೆಕ್ಕ. ಎರಡರಲ್ಲೂ ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು.

ನೇರ ಫ್ರೀ ಕಿಕ್‌ನ ತಪ್ಪನ್ನೇ ತನ್ನ ಪೆನಾಲ್ಟಿ ಏರಿಯಾದೊಳಗೆ ಮಾಡಿದರೆ ಪೆನಾಲ್ಟಿ, ಅಂದರೆ ಪೆನಾಲ್ಟಿ ಚುಕ್ಕೆಯಿಂದ ಗೋಲಿಯೊಬ್ಬರ ಎದುರು ಒದೆತ. ಮೊದಲು ಈ ಶಿಕ್ಷೆ ಇರಲಿಲ್ಲ. ಗೋಲು ಆಗಿಯೇ ಹೋಯಿತು ಅನ್ನುವಾಗ ಎದುರಾಳಿ ಎಳೆದು ಬೀಳಿಸಿದರೆ ಬರೀ ಒಂದು ಫ್ರೀ ಕಿಕ್ ಸಿಗುತ್ತಿತ್ತು. ಬೀಳಿಸಿದವರಿಗೇ ಲಾಭ. ಇದನ್ನು ನೋಡಲಾಗದೆ ಐರ್ಲೆಂಡಿನ ವಿಲಿಯಂ ಮೆಕ್ರಮ್ ಎಂಬಾತ ಪೆನಾಲ್ಟಿ ಸೂಚಿಸಿದ, 1891ರಲ್ಲಿ ಅದು ನಿಯಮವಾಯಿತು. ಮೆಕ್ರಮ್ ಸ್ವತಃ ಗೋಲಿಯಾಗಿದ್ದ! ತನ್ನ ಕೆಲಸವನ್ನೇ ಕಷ್ಟ ಮಾಡಿಕೊಂಡು ಆಟಕ್ಕೆ ನ್ಯಾಯ ಕೊಡಿಸಿದ ಈ ಮನುಷ್ಯನ ಮೇಲೆ ನನಗೆ ತುಂಬ ಗೌರವ.

ಕಾರ್ಡುಗಳು ಬಂದದ್ದು ಇನ್ನೂ ಈಚೆಗೆ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತಿದ್ದ ಅರ್ಜೆಂಟೀನಾದ ನಾಯಕ ರಟಿನ್‌ನನ್ನು ಜರ್ಮನಿಯ ರೆಫರಿ ಹೊರಗೆ ಕಳಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ರಟಿನ್ ಮೈದಾನ ಬಿಟ್ಟು ಕದಲಲಿಲ್ಲ, ಆಟ ಎಷ್ಟೋ ಹೊತ್ತು ನಿಂತೇಹೋಯಿತು. ರೆಫರಿಗಳ ಉಸ್ತುವಾರಿ ನೋಡುತ್ತಿದ್ದ ಕೆನ್ ಆಸ್ಟನ್‌ಗೆ ಆಮೇಲೆ ರಸ್ತೆಯ ಸಿಗ್ನಲ್ ದೀಪ ನೋಡಿ ಉಪಾಯ ಹೊಳೆಯಿತು. ಹಳದಿ ಅಂದರೆ ಎಚ್ಚರಿಕೆ, ಕೆಂಪು ಅಂದರೆ ಹೊರಗೆ, ಭಾಷೆಯ ಹಂಗೇ ಇಲ್ಲ. 1970ರ ಮೆಕ್ಸಿಕೊ ವಿಶ್ವಕಪ್‌ನಿಂದ ಕಾರ್ಡುಗಳು ಬಂದವು.

ಹಾಕಿಯ ಹಸಿರು ಕಾರ್ಡು ಇಲ್ಲಿಲ್ಲ. ಹಾಕಿಯಲ್ಲಿ ಹಳದಿ ಬಂದರೆ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಇಲ್ಲಿ ಮೊದಲ ಹಳದಿಗೆ ಆಟ ಮುಂದುವರಿಸಬಹುದು, ಎರಡನೇ ಹಳದಿ ಬಂದರೆ ಕೆಂಪು. ಕೆಂಪು ಸಿಕ್ಕವರ ಬದಲಿಗೆ ಬೇರೆಯವರು ಬರುವಂತಿಲ್ಲ, ತಂಡ ಒಬ್ಬರು ಕಡಿಮೆಯಾಗಿಯೇ ಆಡಬೇಕು.

ನಾಲ್ಕನೇ ಹೆಜ್ಜೆ: ಆಫ್‌ಸೈಡ್, ಡೆಸ್ಕಿನ ಮೇಲೆ

ಹಾಕಿಯಿಂದ ಆಫ್‌ಸೈಡನ್ನು 1990ರ ದಶಕದಲ್ಲೇ ತೆಗೆದುಹಾಕಿದರು. ಹಾಗಾಗಿ ಕೊಡಗಿನ ಮಕ್ಕಳಿಗೆ ಇದು ಹೊಸದು, ಇದೇ ಕಷ್ಟದ್ದು. ಮಳೆಗಾಲ ಇದಕ್ಕೆ ಒಳ್ಳೆಯ ಸಮಯ. ಜೂನ್, ಜುಲೈಯಲ್ಲಿ ಹೇಗೂ ಮೈದಾನಕ್ಕೆ ಇಳಿಯಲು ಆಗುವುದಿಲ್ಲ, ಕ್ಲಾಸಿನೊಳಗೆ ಕೂತು ಕಲಿಯಿರಿ.

ಮನೆಯಿಂದ ಒಂದು ಹಿಡಿ ಕಾಫಿ ಬೀಜ, ಒಂದು ಹಿಡಿ ಕಡಲೆಕಾಳು, ಒಂದು ಕರಿಮೆಣಸು ತನ್ನಿ. ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆಯಿರಿ. ನಡುಗೆರೆ ಮರೆಯಬೇಡಿ. ಕಾಫಿ ಬೀಜ ದಾಳಿ ಮಾಡುವ ತಂಡ, ಕಡಲೆ ಕಾಯುವ ತಂಡ, ಕರಿಮೆಣಸು ಬಾಲ್.

ಕಡಲೆಯ ಗೋಲಿಯನ್ನು ಗೋಲಿನಲ್ಲಿ ಇಡಿ. ಅದರ ಮುಂದೆ ಸಾಲಾಗಿ ನಾಲ್ಕು ಡಿಫೆಂಡರ್ ಕಡಲೆ ಇಡಿ. ನಡುಗೆರೆ ಹತ್ತಿರ ಒಂದು ಕಾಫಿ ಬೀಜ, ಅದರ ಕಾಲಲ್ಲಿ ಮೆಣಸು. ಇನ್ನೊಂದು ಕಾಫಿ ಬೀಜವನ್ನು ನಾಲ್ಕು ಕಡಲೆಗಳನ್ನು ದಾಟಿಸಿ ಗೋಲಿಯ ಹತ್ತಿರ ಇಡಿ. ಈಗ ಮೊದಲ ಬೀಜ ಮೆಣಸನ್ನು ಅದಕ್ಕೆ ಪಾಸ್ ಮಾಡಿತು ಅಂದುಕೊಳ್ಳಿ. ಆಫ್‌ಸೈಡ್.

ಯಾಕೆ? ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಆಟಗಾರ ಎದುರು ತಂಡದ ಅರ್ಧದಲ್ಲಿ ಇದ್ದಾನಾ? ಬಾಲಿಗಿಂತ ಮುಂದೆ ಇದ್ದಾನಾ? ಅವನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಇಬ್ಬರಿಗಿಂತ ಕಡಿಮೆ ಇದ್ದಾರಾ? ಮೂರಕ್ಕೂ ಹೌದು ಅಂತಾದರೆ ಅದು ಆಫ್‌ಸೈಡ್ ಜಾಗ. ಆ ಇಬ್ಬರಲ್ಲಿ ಗೋಲಿಯೂ ಸೇರುತ್ತಾನೆ. ಎರಡನೇ ಎದುರಾಳಿಯ ಸಮಕ್ಕೆ ನಿಂತಿದ್ದರೆ ತೊಂದರೆ ಇಲ್ಲ. ಕೈ, ತೋಳು ಲೆಕ್ಕಕ್ಕಿಲ್ಲ.

ಈಗ ಬೀಜವನ್ನು ಹಿಂದೆ ತಂದು ಡಿಫೆಂಡರ್ ಕಡಲೆಗಳ ಸಾಲಿನಲ್ಲೇ ಇಡಿ. ಮೆಣಸು ಹೊರಟ ಮೇಲೆ ಬೀಜವನ್ನು ಮುಂದೆ ಓಡಿಸಿ. ಇದು ಆಫ್‌ಸೈಡ್ ಅಲ್ಲ! ನೋಡಬೇಕಾದದ್ದು ಜೊತೆಗಾರ ಬಾಲ್ ಒದ್ದ ಗಳಿಗೆಯಲ್ಲಿ ಎಲ್ಲಿದ್ದ ಅನ್ನುವುದನ್ನು, ಬಾಲ್ ಸಿಕ್ಕಾಗ ಎಲ್ಲಿದ್ದ ಅನ್ನುವುದನ್ನಲ್ಲ. ಟಿವಿ ನೋಡುವ ದೊಡ್ಡವರೂ ತಪ್ಪುವುದು ಇಲ್ಲೇ. ಈ ಎರಡು ಆಟವನ್ನು ಡೆಸ್ಕಿನ ಮೇಲೆ ಮತ್ತೆ ಮತ್ತೆ ಆಡಿಸಿ, ಬಾಲಿನ ಜಾಗ ಬದಲಾಯಿಸಿ ಗೆಳೆಯರಿಗೆ ಪ್ರಶ್ನೆ ಹಾಕಿ.

ಇನ್ನೆರಡು ವಿಷಯ. ಆಫ್‌ಸೈಡ್ ಜಾಗದಲ್ಲಿ ಸುಮ್ನೆ ನಿಂತಿದ್ದರೆ ಅಪರಾಧ ಅಲ್ಲ, ಆಟದಲ್ಲಿ ಭಾಗಿಯಾದರೆ ಮಾತ್ರ ಅಪರಾಧ. ಥ್ರೋ ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಾಲ್ ಬಂದರೆ ಆಫ್‌ಸೈಡ್ ಇಲ್ಲ.

ಈ ನಿಯಮ ಇಲ್ಲದಿದ್ದರೆ ನಾಲ್ಕು ಜನ ಗೋಲಿಯ ಪಕ್ಕದಲ್ಲೇ ಬಿಡಾರ ಹೂಡಿ ಬಾಲಿಗೆ ಕಾಯುತ್ತಿದ್ದರು. 1863ರಲ್ಲಿ ಬಾಲಿಗಿಂತ ಮುಂದೆ ಇದ್ದವರೆಲ್ಲ ಆಫ್‌ಸೈಡ್, ಮುಂದಕ್ಕೆ ಪಾಸ್ ಕೊಡುವುದೇ ಕಷ್ಟ. 1866ರಲ್ಲಿ ಮೂವರು ಎದುರಾಳಿಗಳು ಮುಂದಿದ್ದರೆ ಸರಿ ಅಂದರು. ಡಿಫೆಂಡರ್‌ಗಳು ಬೇಕೆಂದೇ ಮುಂದೆ ಸರಿದು ನಿಂತು ಇದನ್ನೇ ಬಲೆ ಮಾಡಿಕೊಂಡರು, ಗೋಲುಗಳು ಕಡಿಮೆಯಾದವು. 1925ರಲ್ಲಿ ಮೂರನ್ನು ಎರಡು ಮಾಡಿದರು, ಮುಂದಿನ ಸೀಸನ್ನಿನಲ್ಲೇ ಗೋಲುಗಳು ಸಿಕ್ಕಾಪಟ್ಟೆ ಹೆಚ್ಚಿದವು.

ಗೋಲಿಗೆ ಕೆಲವು ಮಾತು

ಗೋಲಿ ತನ್ನ ಪೆನಾಲ್ಟಿ ಏರಿಯಾದೊಳಗೆ ಮಾತ್ರ ಕೈ ಬಳಸಬಹುದು. ಇದು 1912ರಿಂದ ಬಂದದ್ದು. ಅದಕ್ಕೂ ಮೊದಲು ತನ್ನ ಅರ್ಧದಲ್ಲೆಲ್ಲ ಕೈ ಹಾಕಬಹುದಿತ್ತು. ತನ್ನ ತಂಡದವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಬಾಲನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಗೆಲ್ಲುತ್ತಿರುವ ತಂಡ ಗೋಲಿಗೆ ಕೊಟ್ಟು, ಹಿಡಿದು, ಮತ್ತೆ ಕೊಟ್ಟು ಸಮಯ ಹಾಳು ಮಾಡುತ್ತಿತ್ತು. ಅದಕ್ಕೆ 1992ರಲ್ಲಿ ತಡೆ ಬಿತ್ತು. 2025ರಿಂದ ಇನ್ನೊಂದು ಬದಲಾವಣೆ. ಹಿಡಿದ ಬಾಲನ್ನು 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರು ತಂಡಕ್ಕೆ ಕಾರ್ನರ್.

ನಮ್ಮ ದೇಶ, ನಮ್ಮ ರಾಜ್ಯ

ಬ್ರಿಟಿಷ್ ಸೈನಿಕರ ಜೊತೆ ಈ ಆಟ ಭಾರತಕ್ಕೆ ಬಂತು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಫುಟ್‌ಬಾಲ್ ಪಂದ್ಯಾವಳಿ ಶುರುವಾಯಿತು. 1911ರ ಜುಲೈ 29ರಂದು ಕಲ್ಕತ್ತಾದಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಆಗಿನ ದೊಡ್ಡ ಪಂದ್ಯಾವಳಿಯಾದ ಐಎಫ್‌ಎ ಶೀಲ್ಡ್ ಗೆದ್ದಿತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ನಮ್ಮ ಹಲವರು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1-2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಎಸ್. ರಾಮನ್. 1950ರ ವಿಶ್ವಕಪ್‌ಗೆ ಅವಕಾಶ ಸಿಕ್ಕಿಯೂ ಭಾರತ ಹೋಗಲಿಲ್ಲ. ಬರಿಗಾಲಿನ ಕಾರಣಕ್ಕೆ ಅನ್ನುವ ಕಥೆ ಎಲ್ಲರ ಬಾಯಲ್ಲಿದೆ, ಆದರೆ ಆಗ ಭಾರತದ ಫುಟ್‌ಬಾಲ್ ಫೆಡರೇಷನ್‌ಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು, ವಿಶ್ವಕಪ್ ಅಷ್ಟು ಮುಖ್ಯ ಅನ್ನಿಸಿರಲಿಲ್ಲ. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂತು. ಮೂರರಲ್ಲೂ ಕೋಚ್ ಆಗಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ.

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿದೆ. ಮೊದಲ ಎರಡು ಸಲ ಗೆದ್ದಾಗ ಕೊಡಗು ಇನ್ನೂ ಬೇರೆಯೇ ಇತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕೊನೆಯದು 1968-69ರದ್ದು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಿತು.

ಹುಡುಗಿಯರು ಇದನ್ನು ತಿಳಿದಿರಬೇಕು. 1920ರಲ್ಲಿ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಮರು ವರ್ಷವೇ ಇಂಗ್ಲೆಂಡಿನ ಅಸೋಸಿಯೇಷನ್ ತನ್ನ ಕ್ಲಬ್‌ಗಳ ಮೈದಾನದಲ್ಲಿ ಮಹಿಳೆಯರು ಆಡದಂತೆ ಮಾಡಿತು. ಆ ಅನ್ಯಾಯ ಸರಿಯಾಗಲು ಸುಮಾರು 50 ವರ್ಷ ಬೇಕಾಯಿತು. ನಿಮ್ಮ ಶಾಲೆಯಲ್ಲಿ ಹುಡುಗರಿಗೆ ಮಾತ್ರ ಬಾಲ್ ಸಿಗುತ್ತಿದ್ದರೆ ಹೋಗಿ ಕೇಳಿ.

ಐದನೇ ಹೆಜ್ಜೆ: ಮೈದಾನಕ್ಕೆ ಇಳಿಯಿರಿ

12 ವರ್ಷದವರೆಗೆ 4ನೇ ಸೈಜಿನ ಬಾಲ್, ಆಮೇಲೆ 5ನೇ ಸೈಜು. ಮೊದಲು ಪಾದದ ಒಳಬದಿಯಿಂದ ಪಾಸ್ ಕಲಿಯಿರಿ. ನಿಂತ ಕಾಲು ಬಾಲಿನ ಪಕ್ಕದಲ್ಲಿರಲಿ, ಅದರ ತುದಿ ಬಾಲ್ ಹೋಗಬೇಕಾದ ಕಡೆ ನೋಡುತ್ತಿರಲಿ. ಹೆಬ್ಬೆರಳ ತುದಿಯಿಂದ ಗುದ್ದಿದರೆ ದಿಕ್ಕು ಸಿಗುವುದಿಲ್ಲ, ಉಗುರೂ ಹೋಗುತ್ತದೆ. ಹಾಕಿ ಆಡುವವರಿಗೆ ಬಗ್ಗಿ ಬಾಲನ್ನೇ ನೋಡುವ ಅಭ್ಯಾಸ. ಇಲ್ಲಿ ಬಾಲ್ ಬರುವ ಮೊದಲೇ ತಲೆ ಎತ್ತಿ ಸುತ್ತ ನೋಡಿಕೊಳ್ಳಿ. ತಲೆಯಿಂದ ಹೊಡೆಯುವುದನ್ನು ಸಣ್ಣವರಿಗೆ ಕಲಿಸುವ ಆತುರ ಬೇಡ. ಇಂಗ್ಲೆಂಡಿನಲ್ಲಿ 2020ರಿಂದ 11 ವರ್ಷದೊಳಗಿನವರ ತರಬೇತಿಯಲ್ಲಿ ಹೆಡಿಂಗ್ ಬೇಡ ಅಂತಲೇ ಹೇಳಿದ್ದಾರೆ.

ಮೊಣಕಾಲಿನ ಕೆಳಗೆ ಶಿನ್ ಗಾರ್ಡ್ (ಪೆಟ್ಟು ತಡೆಯುವ ಕಾಲಿನ ಕವಚ) ಕಡ್ಡಾಯ, ಅದನ್ನು ಕಾಲುಚೀಲ ಮುಚ್ಚಿರಬೇಕು. ಹಾಕಿಯದ್ದು ಇದ್ದರೆ ಅದನ್ನೇ ಹಾಕಿಕೊಳ್ಳಿ. ಬಳೆ, ಸರ, ಓಲೆ, ವಾಚು ಬಿಚ್ಚಿಡಿ, ಟೇಪ್ ಸುತ್ತಿದರೂ ನಡೆಯುವುದಿಲ್ಲ. ಕೆಸರು ಗದ್ದೆಯ ಫುಟ್‌ಬಾಲ್ ಖುಷಿಗೆ ಚೆಂದ, ಪಾಸ್ ಕಲಿಯಲು ಅದು ಜಾಗವಲ್ಲ. ಒದ್ದೆಯಾದ ಬೂಟನ್ನು ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೆಯ ಪೇಪರ್ ತುಂಬಿ ಗಾಳಿಗೆ ಇಡಿ. ಮಿಂಚು, ಗುಡುಗು ಕಂಡರೆ ಎಷ್ಟೇ ಬಿಸಿಯ ಆಟವಿದ್ದರೂ ಮೈದಾನ ಬಿಟ್ಟು ಕಟ್ಟಡದೊಳಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ.

ತಂಡ ಸಿದ್ಧವಾದರೆ ಶಿಕ್ಷಣ ಇಲಾಖೆಯ ಕ್ರೀಡಾಕೂಟಕ್ಕೆ ಹೆಸರು ಕೊಡಿ. ತಾಲ್ಲೂಕು, ಜಿಲ್ಲೆ ಗೆದ್ದರೆ ಮೈಸೂರು ವಿಭಾಗ, ಅಲ್ಲಿಂದ ರಾಜ್ಯ ಮಟ್ಟ. ಶಾಲೆಗಳಿಗಾಗಿಯೇ 1960ರಿಂದ ನಡೆಯುತ್ತಿರುವ ಸುಬ್ರೋತೊ ಕಪ್ ಇದೆ, ಹುಡುಗರಿಗೂ ಹುಡುಗಿಯರಿಗೂ. ಎಲ್ಲ ಕಡೆ ವಯಸ್ಸಿನ ದಾಖಲೆ ಕೇಳುತ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯಾ ಅಂತ ಈಗಲೇ ಮನೆಯಲ್ಲಿ ನೋಡಿಸಿ, ವ್ಯತ್ಯಾಸ ಇದ್ದರೆ ಮಳೆಗಾಲ ಮುಗಿಯುವುದರೊಳಗೆ ಸರಿ ಮಾಡಿಸಿಕೊಳ್ಳಿ.